ವರ್ಮಿಕ್ಯುಲೈಟ್ ಹಲಗೆಯೂ ನಮ್ಮ ಸೀಮೆಯ ಮನೆಗಳೂ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಲೇಖನ)

ಅನ್ನ, ಬಟ್ಟೆ, ವಸತಿ ಇವು ಮೂರು ಮನುಷ್ಯನ ಮೊದಲ ಅಗತ್ಯಗಳೆಂದು ನಾವೆಲ್ಲರೂ ಬಾಲ್ಯದಿಂದ ಓದುತ್ತ ಬಂದಿದ್ದೇವೆ. ಅನ್ನದ ಬಗೆಗೆ ಚರ್ಚೆ ನಡೆಯುತ್ತದೆ. ಬಟ್ಟೆಯ ಬಗೆಗೆ ಅಭಿರುಚಿ ಬೆಳೆದಿದೆ. ವಸತಿಯ ಮಾತು ಬಂದಾಗ ಮಾತ್ರ, ನಾಲ್ಕು ಗೋಡೆ ಎದ್ದು ಮೇಲೊಂದು ಮರೆ ಬಿದ್ದರೆ ಸಾಕೆಂದು ಸುಮ್ಮನಾಗುತ್ತೇವೆ. ಆ ಮರೆ ಯಾವುದರದು, ಅದು ಬಿಸಿಲನ್ನು ಎಷ್ಟು ತಡೆಯುತ್ತದೆ, ಬೆಂಕಿ ಬಿದ್ದರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳುವವರು ವಿರಳ. ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ಮೀರುವುದು ಪ್ರತಿವರ್ಷದ ಮಾತು. ಇಂಥಲ್ಲಿ ಈ ಪ್ರಶ್ನೆ ಕೇವಲ ಇಂಜಿನಿಯರರ ಪ್ರಶ್ನೆಯಲ್ಲ. ಮನೆಯಲ್ಲಿ ಮಲಗುವ ಪ್ರತಿಯೊಬ್ಬರ ಪ್ರಶ್ನೆ.

ಕಲಾ ವಿಭಾಗದ ವಿದ್ಯಾರ್ಥಿಗೆ ಹಲಗೆ ತಗಡುಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

ನಮ್ಮದು ದೇವದುರ್ಗ ತಾಲೂಕಿನ ಒಂದು ಹಳ್ಳಿ. ನಮ್ಮ ಹಿರಿಯರ ಮನೆ ಮೇಲುಮುದ್ದೆಯ ಮನೆಯಾಗಿತ್ತು. ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು, ಅದರ ಮೇಲೆ ಗೇಣುದ್ದದ ಮಣ್ಣು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನಲ್ಲಿ ಉತ್ತರ ಕರ್ನಾಟಕದಲ್ಲೆಲ್ಲ ಸುರಿದ ಮಹಾಮಳೆಗೆ ಅಂಥ ಮನೆಗಳು ಊರೂರಲ್ಲಿ ಕುಸಿದವು. ನಮ್ಮದೂ ಕುಸಿಯಿತು. ಆಗ ನಾನು ತೀರ ಚಿಕ್ಕವನು. ಅಜ್ಜಿ ನನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಗುಡಿಯ ಕಟ್ಟೆಗೆ ಓಡಿದ್ದಷ್ಟೇ ನೆನಪು. ಆ ಮೇಲೆ ಅಪ್ಪ ಸಾಲ ಮಾಡಿ ಇಟ್ಟಿಗೆಯ ಗೋಡೆ ಎಬ್ಬಿಸಿ ತಗಡು ಹೊದಿಸಿದ. ಮಳೆಯ ಭಯ ಹೋಯಿತು. ಬಿಸಿಲಿನ ಬಾಧೆ ಬಂತು. ಮಧ್ಯಾಹ್ನ ಆ ಮನೆಯೊಳಗೆ ಕೂಡುವುದು ರೊಟ್ಟಿಯ ಹಂಚಿನ ಕೆಳಗೆ ಕೂತಂತೆ. ಅಜ್ಜಿ ಬೇಸಿಗೆಯ ನಾಲ್ಕು ತಿಂಗಳು ಹೊರಗಿನ ಬೇವಿನ ಗಿಡದ ಬುಡದಲ್ಲಿಯೇ ಹಗಲು ಕಳೆಯುತ್ತಿದ್ದಳು.

ಈ ಬಾಧೆಗೆ ಪರಿಹಾರವೆಂದು 2022ರ ಬೇಸಿಗೆಯಲ್ಲಿ ತಗಡಿನ ಕೆಳಗೆ ಥರ್ಮೋಕೋಲಿನ ಹಾಳೆಗಳನ್ನು ಕಟ್ಟಿದೆವು. ನಿಜ ಹೇಳಬೇಕೆಂದರೆ ಮನೆ ತಂಪಾಯಿತು. ನಾವೆಲ್ಲ ಹಿಗ್ಗಿದೆವು. ಒಂದು ತಿಂಗಳು ಕಳೆದಿರಲಿಲ್ಲ, ಒಂದು ರಾತ್ರಿ ದೀಪದ ವಯರಿನ ಜೋಡಣೆಯಲ್ಲಿ ಕಿಡಿ ಹಾರಿತು. ಹಾಳೆಗೆ ಬೆಂಕಿ ಹತ್ತಿದ್ದನ್ನು ಕಂಡವರು ಏಳುವಷ್ಟರಲ್ಲಿ ಅದು ಕರಗಿ ಹನಿಹನಿಯಾಗಿ ಉರಿಯುತ್ತ ಕೆಳಗೆ ಬೀಳತೊಡಗಿತ್ತು. ಕಪ್ಪು ಹೊಗೆಯಿಂದ ಉಸಿರು ಕಟ್ಟಿತು. ತಂಗಿಯನ್ನು ಎಳೆದುಕೊಳ್ಳಲು ಹೋದ ಅವ್ವನ ಬಲಗೈಯ ಮೇಲೆ ಆ ಉರಿಯುವ ಹನಿಗಳು ಬಿದ್ದವು. ಕೈ ಉಳಿಯಿತು, ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ರೊಟ್ಟಿ ಬಡಿಯುವ ಕೈಯದು.

ನಮ್ಮಣ್ಣ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ. ಕಳೆದ ದೀಪಾವಳಿಗೆ ಬರುವಾಗ ಅಂಗೈಯಗಲದ ಒಂದು ಹಲಗೆಯ ತುಂಡನ್ನು ತಂದಿದ್ದ. ಬಣ್ಣ ಗೋಧಿಯ ಹೊಟ್ಟಿನಂತೆ. ಅಲ್ಲಲ್ಲಿ ಬಂಗಾರದ ಮಿನುಗು. ಅದನ್ನು ಒಲೆಯ ಉರಿಯ ಮೇಲೆ ಇಕ್ಕಳದಿಂದ ಹಿಡಿದು, "ತಮ್ಮಾ, ಇದು ಸುಡಂಗಿಲ್ಲ ನೋಡು. ಹಿಂದ ಕೈ ಇಟ್ಟು ನೋಡು" ಎಂದ. ಒಂದು ಮಗ್ಗುಲು ಕೆಂಪಗೆ ಕಾದಿತ್ತು. ಇನ್ನೊಂದು ಮಗ್ಗುಲಿಗೆ ಬೆರಳು ತಾಗಿಸಿದೆ, ಉಗುರುಬೆಚ್ಚಗೆ ಇತ್ತು. ಅವ್ವ ಅದನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಇಂಥಾದು ಇದ್ರ ನಮಗ್ಯಾಕ ಯಾರೂ ಹೇಳಲಿಲ್ಲ?" ಎಂದಳು. ಈ ಲೇಖನ ಅವಳ ಆ ಪ್ರಶ್ನೆಗೆ ನಾನು ಓದಿ, ಬಲ್ಲವರನ್ನು ಕೇಳಿ ಕಂಡುಕೊಂಡ ಉತ್ತರ.

ಕಾಗೆಬಂಗಾರದ ಸೋದರ

ಆ ಹಲಗೆಯ ಮುಖ್ಯ ದ್ರವ್ಯ ವರ್ಮಿಕ್ಯುಲೈಟ್ ಎಂಬ ಖನಿಜ. ಇದು ನಾವು ಕಾಗೆಬಂಗಾರವೆಂದು ಕರೆಯುವ ಅಭ್ರಕದ ಹತ್ತಿರದ ಬಂಧು. ಅಭ್ರಕದಂತೆಯೇ ತೆಳುವಾದ ಪದರಗಳು ಒಂದರ ಮೇಲೊಂದು ಪುಸ್ತಕದ ಹಾಳೆಗಳಂತೆ ಕೂತಿರುತ್ತವೆ. ರಸಾಯನ ದೃಷ್ಟಿಯಿಂದ ಇದು ಮೆಗ್ನೀಸಿಯಂ, ಕಬ್ಬಿಣ, ಅಲ್ಯುಮಿನಿಯಂಗಳನ್ನೊಳಗೊಂಡ ಸಿಲಿಕೇಟು. ಆದರೆ ಅಭ್ರಕಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಇದರ ಪದರಗಳ ನಡುವೆ ನೀರಿನ ಅಣುಗಳು ಸೇರಿಕೊಂಡಿರುತ್ತವೆ.

ಈ ಖನಿಜವನ್ನು ತಟ್ಟನೆ ಕಡು ಶಾಖಕ್ಕೆ ಒಡ್ಡಿದರೆ ಒಳಗಿನ ನೀರು ಒಮ್ಮೆಲೆ ಉಗಿಯಾಗುತ್ತದೆ. ಹೊರಗೆ ಹೋಗಲು ದಾರಿ ಸಾಲದೆ ಪದರಗಳನ್ನು ದೂಡುತ್ತದೆ. ಹರಳು ತನ್ನ ಮೊದಲಿನ ಗಾತ್ರದ 8ರಿಂದ 30 ಪಟ್ಟು ಉಬ್ಬುತ್ತದೆ. ನಾಗರ ಪಂಚಮಿಗೆ ನಮ್ಮ ಮನೆಗಳಲ್ಲಿ ಜೋಳದ ಅಳ್ಳು ಹುರಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಜೋಳದ ಕಾಳಿನೊಳಗಿನ ತೇವ ಉಗಿಯಾಗಿ ಕಾಳು ಅರಳುವ ಹಾಗೆಯೇ ಈ ಕಲ್ಲೂ ಅರಳುತ್ತದೆ. ಕಾಳು ಹಂಚಿನಲ್ಲಿ ಅರಳಿದರೆ ಈ ಕಲ್ಲಿಗೆ 900 ಡಿಗ್ರಿಯ ಸುತ್ತುಮುತ್ತಿನ ಕುಲುಮೆ ಬೇಕು, ಅಷ್ಟೆ. ಅರಳಿದ ಮೇಲೆ ಅದು ಬಹು ಹಗುರ. ಒಂದು ಘನಮೀಟರು ನೀರು ಸಾವಿರ ಕಿಲೋ ತೂಗಿದರೆ ಅಷ್ಟೇ ಅಳತೆಯ ಅರಳಿದ ವರ್ಮಿಕ್ಯುಲೈಟ್ ಸುಮಾರು ನೂರು ಕಿಲೋ ತೂಗುತ್ತದೆ.

1824ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ಪ್ರಾಂತದ ವೂಸ್ಟರ್ ಎಂಬಲ್ಲಿ ದೊರೆತ ಹರಳುಗಳನ್ನು ಥಾಮಸ್ ವೆಬ್ ಎಂಬಾತ ವರ್ಣಿಸಿ ಈ ಹೆಸರಿಟ್ಟ. ಕಾಯಿಸಿದಾಗ ಹರಳು ಹುಳುವಿನಂತೆ ಹೊರಳಿ ಉದ್ದವಾಗುವುದನ್ನು ಕಂಡು, ಹುಳುವಿಗೆ ಸಂಬಂಧಿಸಿದ ಲ್ಯಾಟಿನ್ ಮಾತಿನಿಂದ ಈ ಹೆಸರನ್ನು ಮಾಡಿದ. ಎರೆಹುಳುವಿನ ಗೊಬ್ಬರಕ್ಕೆ ವರ್ಮಿಕಾಂಪೋಸ್ಟ್ ಎಂಬ ಹೆಸರು ಬಂದಿರುವುದೂ ಅದೇ ಮೂಲದಿಂದ. ಆದಕಾರಣ ನಮ್ಮ ರೈತರು ಎರಡನ್ನೂ ಒಂದೇ ಎಂದು ತಿಳಿಯುವುದುಂಟು. ಮೆಣಸಿನ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸುವಾಗ ತೆಂಗಿನ ನಾರಿನ ಪುಡಿಯೊಡನೆ ಕೆಲವೆಡೆ ಬೆರೆಸುವ ಹೊಳೆಯುವ ಚೂರುಗಳು ಇದೇ ಖನಿಜ. ಅದು ಗೊಬ್ಬರವಲ್ಲ, ಕಲ್ಲು. ಭಾರತದಲ್ಲಿ ಇದರ ಮುಖ್ಯ ನಿಕ್ಷೇಪಗಳಲ್ಲಿ ತಮಿಳುನಾಡಿನ ಸೇವತ್ತೂರಿನದು ಹೆಸರಾದುದು. ದಕ್ಷಿಣ ಆಫ್ರಿಕದ ಪಾಲಬೋರಾ ಜಗತ್ತಿನ ದೊಡ್ಡ ಗಣಿಗಳಲ್ಲೊಂದು.

ಶಾಖದ ಮೂರು ದಾರಿಗಳು

ಹಲಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯಬೇಕಾದರೆ ಶಾಖ ಹೇಗೆ ಸಂಚರಿಸುತ್ತದೆಂಬುದನ್ನು ನೆನೆಯಬೇಕು. ಶಾಖಕ್ಕೆ ದಾರಿ ಮೂರು. ಚಮಚದ ಒಂದು ತುದಿ ಬಿಸಿ ಸಾರಿನಲ್ಲಿದ್ದರೆ ಇನ್ನೊಂದು ತುದಿಯೂ ಕಾಯುವುದು ವಹನ. ಒಲೆಯ ಮೇಲಿನ ಬಿಸಿಗಾಳಿ ಏರಿ ತಂಪುಗಾಳಿ ಅದರ ಜಾಗಕ್ಕೆ ಬರುವುದು ಸಂವಹನ. ಉರಿಯ ಮುಂದೆ ಕೂತವನ ಮುಖಕ್ಕೆ ನೇರವಾಗಿ ಝಳ ಬಡಿಯುವುದು ವಿಕಿರಣ. ಬಿಸಿಲಲ್ಲಿ ಕಾದ ತಗಡು 60 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಅದರ ಕೆಳಗೆ ಕೂತವನ ನೆತ್ತಿಯನ್ನು ಸುಡುವುದು ಮುಖ್ಯವಾಗಿ ಈ ಮೂರನೆಯದು.

ಇನ್ನು ವಹನದ ಮಾತು. ನಿಶ್ಚಲವಾದ ಗಾಳಿಗಿಂತ ಶಾಖವನ್ನು ಕಡಿಮೆ ಸಾಗಿಸುವ ಅಗ್ಗದ ವಸ್ತು ಇನ್ನೊಂದಿಲ್ಲ. ಅದರ ವಾಹಕತೆಯನ್ನು 1 ಎಂದು ಹಿಡಿದರೆ ಥರ್ಮೋಕೋಲಿನದು ಸುಮಾರು ಒಂದೂವರೆ, ಅರಳಿದ ವರ್ಮಿಕ್ಯುಲೈಟಿನದು ಎರಡೂವರೆ, ಅದರಿಂದ ಮಾಡಿದ ಹಲಗೆಗಳದು ಸಾಂದ್ರತೆಗೆ ತಕ್ಕಂತೆ 4ರಿಂದ 8, ಒಣಮಣ್ಣಿನದು 20ರಿಂದ 30, ಕಾಂಕ್ರೀಟಿನದು 60ರ ಆಸುಪಾಸು, ಉಕ್ಕಿನದು 2000ದ ಹತ್ತಿರ. ಈ ಅಂಕಿಗಳು ವಸ್ತುವಿನ ತೇವ, ಬಿಗಿತಗಳನ್ನು ಅನುಸರಿಸಿ ಹೆಚ್ಚುಕಡಿಮೆಯಾಗುತ್ತವೆ. ಆದರೂ ಇವುಗಳ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ಶಾಖವನ್ನು ತಡೆಯುವುದು ಕಲ್ಲೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಅವುಗಳ ಸಣ್ಣ ಸಣ್ಣ ಕೋಣೆಗಳಲ್ಲಿ ಸೆರೆಸಿಕ್ಕ ಗಾಳಿ.

ಈ ತತ್ತ್ವ ನಮ್ಮ ಹಿರಿಯರಿಗೆ ಗೊತ್ತಿಲ್ಲದ್ದೇನಲ್ಲ. ಕುರಿ ಕಾಯುವವನ ಕಂಬಳಿ ಚಳಿಗೂ ಆಗುತ್ತದೆ, ಬಿಸಿಲಿಗೂ ಆಗುತ್ತದೆ. ಉಣ್ಣೆಯ ಎಳೆಗಳ ನಡುವಿನ ಗಾಳಿ ಒಳಗಿನ ಬೆಚ್ಚನ್ನು ಹೊರಗೆ ಬಿಡುವುದಿಲ್ಲ, ಹೊರಗಿನ ಝಳವನ್ನು ಒಳಗೆ ಬಿಡುವುದಿಲ್ಲ. ಜೋಳವನ್ನು ತುಂಬುವ ನೆಲದೊಳಗಿನ ಹಗೇವಿನಲ್ಲಿ ಗೋಡೆಗೆ ಹುಲ್ಲು ಹೊದಿಸುವುದರಲ್ಲಿಯೂ ಇದೇ ತತ್ತ್ವದ ಪಾಲುಂಟು.

ಹಾಗಾದರೆ ಥರ್ಮೋಕೋಲು ವರ್ಮಿಕ್ಯುಲೈಟಿಗಿಂತ ಮೇಲಲ್ಲವೇ, ಅದರ ಅಂಕಿ ಇನ್ನೂ ಕಡಿಮೆಯಿದೆಯಲ್ಲ ಎಂದು ಚತುರ ವಾಚಕರು ಆಕ್ಷೇಪಿಸಬಹುದು. ಬಿಸಿಲಿನ ಮಟ್ಟಿಗೆ ಆ ಮಾತು ನಿಜ. ನಮ್ಮ ಮನೆ ಮೋಸಹೋದದ್ದೂ ಅಲ್ಲಿಯೇ. ಥರ್ಮೋಕೋಲಿನಲ್ಲಿ ಗಾಳಿಯನ್ನು ಸೆರೆಹಿಡಿದಿರುವ ಗೋಡೆಗಳು ಎಣ್ಣೆಯ ಮೂಲದ ಪ್ಲಾಸ್ಟಿಕ್ಕು. ಅದು 100 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ, ಕಿಡಿ ತಾಗಿದರೆ ಉರಿಯುತ್ತದೆ. ವರ್ಮಿಕ್ಯುಲೈಟಿನಲ್ಲಿ ಆ ಗೋಡೆಗಳೇ ಕಲ್ಲು. ಅದು ಕರಗಬೇಕಾದರೆ 1300 ಡಿಗ್ರಿಯನ್ನು ಮೀರಬೇಕು. ಸುಡುವುದಂತೂ ಇಲ್ಲವೇ ಇಲ್ಲ, ಏಕೆಂದರೆ ಕುಲುಮೆಯಲ್ಲಿ ಬೆಂದೇ ಅದು ಹುಟ್ಟಿದ್ದು. ತಂಪು ಕೊಡುವುದೆಲ್ಲ ಬೆಂಕಿಯನ್ನು ತಡೆಯಲಾರದು. ಮನೆಯೊಳಗೆ ಕಟ್ಟುವ ವಸ್ತುವಿಗೆ ಈ ಎರಡು ಪರೀಕ್ಷೆಗಳನ್ನೂ ಬೇರೆಬೇರೆಯಾಗಿ ಒಡ್ಡಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ.

ಹಲಗೆ ಮಾಡುವ ಕ್ರಮ

ಅರಳಿದ ವರ್ಮಿಕ್ಯುಲೈಟನ್ನು ಜರಡಿ ಹಿಡಿದು ಗಾತ್ರ ವಿಂಗಡಿಸುತ್ತಾರೆ. ಅದಕ್ಕೆ ಒಂದು ಅಂಟನ್ನು ಬೆರೆಸುತ್ತಾರೆ. ಕೆಲವು ಹಲಗೆಗಳಿಗೆ ಸೋಡಿಯಂ ಸಿಲಿಕೇಟ್ ಎಂಬ ಗಾಜಿನ ಜಾತಿಯ ಅಂಟು, ಕೆಲವಕ್ಕೆ ಸಿಮೆಂಟು, ಕೆಲವಕ್ಕೆ ಜಿಪ್ಸಮ್. ಈ ಮಿಶ್ರಣವನ್ನು ಅಚ್ಚಿನಲ್ಲಿ ತುಂಬಿ ಯಂತ್ರದಿಂದ ಒತ್ತಿ, ಬಿಸಿಯಲ್ಲಿ ಒಣಗಿಸಿ, ಅಂಚು ಕೊಯ್ದು ಸಮಮಾಡುತ್ತಾರೆ. ಒತ್ತಡ ಹೆಚ್ಚಿದಷ್ಟೂ ಹಲಗೆ ಗಟ್ಟಿ. ಆದರೆ ಒಳಗಿನ ಗಾಳಿ ಕಡಿಮೆಯಾಗಿ ಶಾಖ ತಡೆಯುವ ಗುಣ ಕುಗ್ಗುತ್ತದೆ. ಆದ್ದರಿಂದ ಒಲೆ ಕುಲುಮೆಗಳ ಒಳಗೆ ಹಾಕುವುದಕ್ಕೆ ಒಂದು ಬಗೆ, ಗೋಡೆ ಚಾವಣಿಗೆ ಇನ್ನೊಂದು ಬಗೆ.

ಜಿಪ್ಸಮ್ಮಿನ ಹಲಗೆಗಳಲ್ಲಿ ಒಂದು ಜಾಣತನವಿದೆ. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ನೀರೇ ಇದೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗುವವರೆಗೆ ಶಾಖವೆಲ್ಲ ಅದಕ್ಕೇ ವ್ಯಯವಾಗುತ್ತದೆ. ಹಲಗೆಯ ಹಿಂಭಾಗ ಕಾಯುವುದಿಲ್ಲ. ಆದರೆ ನೀರು ಹೋದ ಮೇಲೆ ಜಿಪ್ಸಮ್ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕಾಗಿ ಅರಳಿಸದ ವರ್ಮಿಕ್ಯುಲೈಟನ್ನೇ ಅದರಲ್ಲಿ ಸೇರಿಸಿರುತ್ತಾರೆ. ಬೆಂಕಿ ಬಂದಾಗ ಅದು ಅಲ್ಲಿಯೇ ಅರಳಿ ಬಿರುಕನ್ನು ತುಂಬುತ್ತದೆ. ಆಪತ್ಕಾಲದಲ್ಲಿ ಎಚ್ಚರಗೊಳ್ಳುವ ಕಾವಲುಗಾರನಂತೆ ಅದರ ಕೆಲಸ.

ಹಲಗೆಯನ್ನು ಕೈಗರಗಸದಿಂದ ಕೊಯ್ಯಬಹುದು, ಸ್ಕ್ರೂ ಹಾಕಿ ಕಬ್ಬಿಣದ ಪಟ್ಟಿಗಳಿಗೆ ಬಿಗಿಯಬಹುದು. ಹಲಗೆಗಿಂತ ಸಂದಿಗೆ ಹೆಚ್ಚು ಲಕ್ಷ್ಯ ಕೊಡಬೇಕೆಂದು ಅಣ್ಣ ಹೇಳುತ್ತಾನೆ. ಎರಡು ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ ಉಳಿದರೆ ಹೊಗೆ ಉರಿಗಳಿಗೆ ಅದೇ ಬಾಗಿಲು. ಅದಕ್ಕೆ ಬೆಂಕಿ ತಡೆಯುವ ಲೇಪವನ್ನೇ ತುಂಬಬೇಕು.

ಬೆಂಕಿಯೊಡನೆ ಗಡಿಯಾರದ ಲೆಕ್ಕ

ಯಾವ ಹಲಗೆಯೂ ಬೆಂಕಿಯನ್ನು ಎಂದೆಂದಿಗೂ ತಡೆಯುವುದಿಲ್ಲ. ಅದು ಕೊಡುವುದು ಸಮಯವನ್ನು. ಪರೀಕ್ಷಾಲಯದಲ್ಲಿ ಗೊತ್ತಾದ ಕ್ರಮದಿಂದ ಕುಲುಮೆಯ ಶಾಖವನ್ನು ಏರಿಸುತ್ತ ಹೋಗುತ್ತಾರೆ. ಅರ್ಧ ತಾಸಿಗೆ ಸುಮಾರು 840 ಡಿಗ್ರಿ, ಒಂದು ತಾಸಿಗೆ 945, ಎರಡು ತಾಸಿಗೆ 1050. ಗೋಡೆ ಎಷ್ಟು ಹೊತ್ತು ಬೀಳದೆ, ಬಿರಿಯದೆ, ಹಿಂಭಾಗ ಮಿತಿಮೀರಿ ಕಾಯದೆ ನಿಲ್ಲುವುದೋ ಅಷ್ಟು ನಿಮಿಷ ಅದರ ಅಗ್ನಿನಿರೋಧ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಪೂರ್ತಿಯಾಗಿ ಅಗ್ನಿ ಸುರಕ್ಷತೆಗೇ ಮೀಸಲು. ಅಲ್ಲಿಯೂ ಗೋಡೆ ಬಾಗಿಲುಗಳ ಲೆಕ್ಕ ನಿಮಿಷಗಳಲ್ಲಿಯೇ ಇದೆ.

ಉಕ್ಕು ಸುಡುವ ವಸ್ತುವಲ್ಲವೆಂದು ನಾವು ಧೈರ್ಯವಾಗಿರುತ್ತೇವೆ. ಆದರೆ 550 ಡಿಗ್ರಿಯ ಸುಮಾರಿಗೆ ಅದು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಂಡು ಬಾಗುತ್ತದೆ. ಬಯಲಾದ ಉಕ್ಕಿನ ಕಂಬ ಈ ಶಾಖಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗಿಲ್ಲ. ಅದಕ್ಕೇ ದೊಡ್ಡ ಕಟ್ಟಡಗಳಲ್ಲಿ ಉಕ್ಕಿನ ಕಂಬ ತೊಲೆಗಳಿಗೆ ಇಂಥ ಹಲಗೆಯ ಕವಚ ತೊಡಿಸುತ್ತಾರೆ. ಇಲ್ಲವೆ ವರ್ಮಿಕ್ಯುಲೈಟಿನ ಗಾರೆ ಮೆತ್ತುತ್ತಾರೆ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ಪ್ರಾಣ ಕಳೆದುಕೊಂಡರು. ವಿದ್ಯುತ್ ತಂತಿಗಳು ಮಹಡಿಯಿಂದ ಮಹಡಿಗೆ ಹೋಗುವ ಕೊಳವೆಯಂಥ ದಾರಿಯಲ್ಲಿ ಕಾಣಿಸಿಕೊಂಡ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರಾಡಲಾರದೆ ಕೆಲವರು ಕಿಟಕಿಯಿಂದ ಹಾರಿದರು. ಅಂಥ ತಂತಿದಾರಿಗಳನ್ನು ಪ್ರತಿ ಮಹಡಿಯಲ್ಲಿಯೂ ಸುಡದ ಹಲಗೆ, ಸುಡದ ಲೇಪಗಳಿಂದ ಮುಚ್ಚುವುದೇಕೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಾಗಿಲ್ಲ. ನಮ್ಮ ದೇವದುರ್ಗ, ಮಾನ್ವಿಗಳಿಂದ ಗುಳೆ ಹೋದ ಕೈಗಳು ಇಂದು ಆ ಮುಚ್ಚುವ ಕೆಲಸವನ್ನು ಮಾಡುತ್ತಿವೆ. ಅವರೇ ಮಲಗುವ ತಗಡಿನ ಶೆಡ್ಡುಗಳಿಗೆ ಅಂಥ ಒಂದು ತುಂಡೂ ಇಲ್ಲವೆಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಮೇಲುಮುದ್ದೆ, ತಗಡು, ಹಲಗೆ

ಈಗ ನಮ್ಮ ಸೀಮೆಯ ಮನೆಗೆ ಬರೋಣ. ಮೇಲುಮುದ್ದೆಯ ಮನೆ ತಂಪೆಂದು ಹಿರಿಯರು ಹೇಳುವುದು ಬರಿಯ ಹಂಬಲವಲ್ಲ. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಕೋಣೆಯ ಮೇಲೆ ಆರಂಗುಲ ಮಣ್ಣಿದ್ದರೆ ಆ ಮಣ್ಣಿನ ತೂಕ ಸುಮಾರು 22 ಕ್ವಿಂಟಲು. ಅಷ್ಟು ಮಣ್ಣು ಕಾಯಬೇಕಾದರೆ ಹೊತ್ತು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗಿ, ಜನ ಅಂಗಳಕ್ಕೆ ಬಂದಿರುತ್ತಾರೆ. ಮೇಲಾಗಿ ಮಣ್ಣು ಸುಡುವುದಿಲ್ಲ. ಆದರೆ ಅದೇ 22 ಕ್ವಿಂಟಲು ಮಳೆಯ ನೀರು ಕುಡಿದು ಇನ್ನೂ ಭಾರವಾಗಿ, ಗೆದ್ದಲು ತಿಂದ ಜಂತಿಯ ಮೇಲೆ ಕೂತಾಗ ಏನಾಗುವುದೆಂಬುದನ್ನು 2009 ನಮಗೆ ತೋರಿಸಿತು.

ತಗಡಿನ ಮೇಲೆ ಈ ಆಪಾದನೆಯಿಲ್ಲ. ಅದು ಹಗುರ, ಸೋರುವುದಿಲ್ಲ, ಒಂದೇ ದಿನದಲ್ಲಿ ಹೊದಿಸಿ ಮುಗಿಸಬಹುದು. ಬಡವನು ಅದನ್ನು ಆರಿಸಿಕೊಂಡದ್ದು ಅವಿವೇಕದಿಂದಲ್ಲ. ಆದರೆ ಶಾಖಕ್ಕೆ ಅದು ತೆರೆದ ಬಾಗಿಲು.

ಹಗುರವಾದ ವರ್ಮಿಕ್ಯುಲೈಟ್ ಹಲಗೆ ಒಂದಂಗುಲ ದಪ್ಪವಿದ್ದರೆ ಶಾಖದ ವಹನವನ್ನು ತಡೆಯುವುದರಲ್ಲಿ ಐದಾರು ಅಂಗುಲ ಮಣ್ಣಿಗೆ ಸಮ. ಅದೇ ಹತ್ತಡಿಯ ಕೋಣೆಗೆ ಅದರ ತೂಕ ಒಂದು ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚು. ಮಣ್ಣಿನಂತೆ ಶಾಖವನ್ನು ಹೊಟ್ಟೆಯಲ್ಲಿ ತುಂಬಿಕೊಂಡು ತಡಮಾಡುವ ಗುಣ ಅದಕ್ಕಿಲ್ಲವೆಂಬುದನ್ನು ಒಪ್ಪಬೇಕು. ಆದರೂ ತಗಡಿಗೂ ನೆತ್ತಿಗೂ ನಡುವೆ ಅದು ಬಂದರೆ ಝಳ ನೇರವಾಗಿ ಬಡಿಯುವುದು ನಿಲ್ಲುತ್ತದೆ. ತಗಡಿಗೂ ಹಲಗೆಗೂ ನಡುವೆ ಗೇಣಿನಷ್ಟು ಜಾಗ ಬಿಟ್ಟು, ಅಲ್ಲಿಯ ಬಿಸಿಗಾಳಿ ಎರಡೂ ಕಡೆಯಿಂದ ಹೊರಗೆ ಹೋಗುವಂತೆ ಕಿಂಡಿಯಿಟ್ಟರೆ ಇನ್ನೂ ಉತ್ತಮ. ಆ ಕಿಂಡಿಗೆ ಜಾಳಿಗೆ ಹಾಕುವುದನ್ನು ಮರೆಯಬಾರದು. ಇಲ್ಲವಾದರೆ ಇಲಿ ಚೇಳುಗಳಿಗೆ ಮನೆ ಕಟ್ಟಿಕೊಟ್ಟಂತಾಗುವುದು.

ಕೆಲವು ಎಚ್ಚರಿಕೆಗಳು

ಗುಣವನ್ನು ಹೇಳಿದವನು ದೋಷವನ್ನೂ ಹೇಳಬೇಕು. ಮೊದಲನೆಯದಾಗಿ, ಅಮೆರಿಕದ ಮೊಂಟಾನಾ ಪ್ರಾಂತದ ಲಿಬ್ಬಿ ಎಂಬ ಊರಿನ ಕಥೆ. ಅಲ್ಲಿಯ ವರ್ಮಿಕ್ಯುಲೈಟ್ ಗಣಿ 1920ರ ದಶಕದಿಂದ 1990ರವರೆಗೆ ನಡೆಯಿತು. ಅಲ್ಲಿಯ ಬಂಡೆಯಲ್ಲಿ ವರ್ಮಿಕ್ಯುಲೈಟಿನ ಜೊತೆಗೆ ಆಸ್ಬೆಸ್ಟಾಸ್ ಎಂಬ ನಾರಿನ ಖನಿಜ ಬೆರೆತಿತ್ತು. ಆ ನಾರಿನ ಧೂಳು ಶ್ವಾಸಕೋಶವನ್ನು ಸೇರಿ ಕಾರ್ಮಿಕರೂ ಊರವರೂ ರೋಗಪೀಡಿತರಾದರು. ನೂರಾರು ಜನ ಸತ್ತರು. 2009ರಲ್ಲಿ ಅಲ್ಲಿಯ ಸರಕಾರ ಆ ಊರಿಗೆ ಸಾರ್ವಜನಿಕ ಆರೋಗ್ಯದ ತುರ್ತುಪರಿಸ್ಥಿತಿಯನ್ನು ಸಾರಿತು. ತಪ್ಪು ವರ್ಮಿಕ್ಯುಲೈಟಿನದಲ್ಲ, ಅದರೊಡನೆ ಬೆರೆತದ್ದರದು. ಆದಕಾರಣ ಆಸ್ಬೆಸ್ಟಾಸ್ ಇಲ್ಲವೆಂಬ ಪರೀಕ್ಷೆಯ ಪತ್ರ ಕೇಳಿಯೇ ಸರಕು ಕೊಳ್ಳಬೇಕು. ಯಾವ ಹಲಗೆಯನ್ನು ಕೊಯ್ಯುವಾಗಲೂ ಮೂಗು ಬಾಯಿ ಕಟ್ಟಿಕೊಳ್ಳಬೇಕು. ನಮ್ಮ ಹುಡುಗರು ಟವೆಲ್ಲನ್ನೂ ಸುತ್ತಿಕೊಳ್ಳದೆ ಗರಗಸ ಹಿಡಿಯುತ್ತಾರೆ.

ಎರಡನೆಯದಾಗಿ, ನೀರು. ಜಿಪ್ಸಮ್ಮಿನ ಹಲಗೆ ತೋಯ್ದರೆ ಮೆತ್ತಗಾಗುವುದು. ಸೋರುವ ಮಾಳಿಗೆಯ ಕೆಳಗೆ ಅದನ್ನು ಹಾಕುವುದು ವ್ಯರ್ಥ. ಮೂರನೆಯದಾಗಿ, ಹಲಗೆ ಸುಡದಿದ್ದರೂ ಅದರ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ, ಹೊಳಪಿನ ಲೇಪ ಸುಡುತ್ತದೆ. ನಾಲ್ಕನೆಯದಾಗಿ, ಬೆಲೆ. ಒಂದು ಹಲಗೆಗೆ ಅಣ್ಣನ ಹಲವು ದಿನಗಳ ಕೂಲಿ ಬೇಕು. ಅವ್ವನ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲಿಯೇ ಇದೆ. ಕೊಳ್ಳಲಾರದವರಿಗೆ ಯಾರೂ ಸರಕಿನ ಸುದ್ದಿಯನ್ನು ಹೇಳಲು ಹೋಗುವುದಿಲ್ಲ.

ನಮ್ಮಲ್ಲಿಯೇ ಇರುವ ಸಾಧನಗಳು

ಹಾಗೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ಸರಕು ದೂರವಿದ್ದರೂ ತತ್ತ್ವ ಎಲ್ಲರ ಸೊತ್ತು. ನನ್ನ ಸೋದರಮಾವ ಮಾನ್ವಿಯ ಹತ್ತಿರ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ, ಸಿಂಧನೂರುಗಳು ಭತ್ತದ ಸೀಮೆಯಾದವು. ಭತ್ತದ ತೂಕದ ಐದನೆಯ ಒಂದು ಭಾಗ ಹೊಟ್ಟು. ಅದನ್ನು ಗಿರಣಿಯ ಬಾಯ್ಲರಿಗೆ ಉರಿಸಿದಾಗ ಉಳಿಯುವ ಬೂದಿ ಹೊಟ್ಟಿನ ಐದನೆಯ ಒಂದು ಭಾಗ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95ರಷ್ಟು ಸಿಲಿಕ, ಅಂದರೆ ಮರಳಿನ ದ್ರವ್ಯವೇ. ಅದು ಹಗುರ, ರಂಧ್ರಮಯ, ಸುಟ್ಟೇ ಉಳಿದದ್ದಾದ್ದರಿಂದ ಮತ್ತೆ ಸುಡಲಾರದು. ಉಕ್ಕಿನ ಕಾರಖಾನೆಗಳಲ್ಲಿ ಕರಗಿದ ಉಕ್ಕಿನ ಶಾಖ ಆರದಂತೆ ಮೇಲೆ ಹೊದಿಸುವುದಕ್ಕೆ ಇದೇ ಬೂದಿಯನ್ನು ಬಳಸುತ್ತಾರೆ. ಗಿರಣಿಯ ಹಿಂದೆ ಅದು ಗುಡ್ಡವಾಗಿ ಬಿದ್ದು, ಗಾಳಿಗೆ ಹಾರಿ ಊರವರ ಕಣ್ಣಿಗೆ ಬೀಳುತ್ತಿದೆ. ಸಿಮೆಂಟು ಅಥವಾ ಸುಣ್ಣದೊಡನೆ ಬೆರೆಸಿ ಹಗುರವಾದ ಹಲಗೆ ಇಟ್ಟಿಗೆಗಳನ್ನು ಮಾಡುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ನಮ್ಮ ತಾಂತ್ರಿಕ ವಿದ್ಯಾಲಯಗಳ ಗೆಳೆಯರು ಇದನ್ನು ಕೈಗೆತ್ತಿಕೊಳ್ಳಬಾರದೇಕೆ? ಬೂದಿಯ ಧೂಳೂ ಎದೆಗೆ ಕೆಟ್ಟದ್ದೆಂಬುದನ್ನು ಮಾತ್ರ ಅವರು ನೆನಪಿಡಬೇಕು.

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ಕಲ್ಲಿದ್ದಲನ್ನು ಉರಿಸುತ್ತ ಬಂದಿದೆ. ಅದರ ಹಾರುಬೂದಿಯಿಂದ ಇಟ್ಟಿಗೆಗಳಾಗುತ್ತಿವೆ. ಹೊಟ್ಟಿನ ಬೂದಿಗೂ ಅಂಥ ಗತಿ ದೊರೆಯಲೆಂಬುದು ನನ್ನ ಆಸೆ.

ಇನ್ನು ರಾಯಚೂರು ಪೇಟೆಯ ಹತ್ತಿ. ಹತ್ತಿಯ ಅಂಡಿಗೆಯೊಳಗೆ ಹೊಕ್ಕ ಕಿಡಿ ಹೊರಗೆ ಕಾಣದಂತೆ ದಿನಗಟ್ಟಲೆ ಕನಲುತ್ತಿರುವುದೆಂದು ಹಮಾಲರೆಲ್ಲ ಬಲ್ಲರು. ಜಿನ್ನಿಂಗ್ ಕಾರಖಾನೆಗಳಲ್ಲಿ ಮೋಟಾರು, ಸ್ವಿಚ್ಚುಗಳ ಕೋಣೆಗೂ ಹತ್ತಿಯ ರಾಶಿಗೂ ನಡುವೆ ಇಂಥ ಹಲಗೆಯ ಗೋಡೆ ನಿಲ್ಲಿಸುವುದು, ಸುಟ್ಟುಹೋಗುವ ಒಂದು ರಾಶಿಯ ಬೆಲೆಗಿಂತ ಅಗ್ಗವೆಂದು ಬೇರೆ ಹೇಳಬೇಕಾಗಿಲ್ಲ.

ಹಲಗೆ ಕೊಳ್ಳಲಾರದ ಮನೆಗೆ ಮಾಡಬಹುದಾದ ಸಣ್ಣ ಕೆಲಸಗಳೂ ಉಂಟು. ತಗಡಿನ ಮೇಲೆ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಹಿಂದಕ್ಕೆ ಹೋಗುವುದು. ಕಾಂಕ್ರೀಟ್ ಮಾಳಿಗೆಯಿದ್ದವರು ಒಂದು ಪಾಲು ಸಿಮೆಂಟಿಗೆ ನಾಲ್ಕರಿಂದ ಎಂಟು ಪಾಲು ಅರಳಿದ ವರ್ಮಿಕ್ಯುಲೈಟ್ ಬೆರೆಸಿ ಹಾಸಿ, ಮೇಲೆ ನೀರು ಇಳಿಯದಂತೆ ಗಟ್ಟಿ ಗಾರೆ ಮಾಡಬಹುದು. ಅಡಿಗೆಯ ಒಲೆ, ಗ್ಯಾಸಿನ ಹಿಂದಿನ ಗೋಡೆಗೆ ಒಂದೇ ಒಂದು ಹಲಗೆ ಹಾಕಿದರೂ ಉಪಯೋಗವಾದೀತು. ಎಲ್ಲಕ್ಕೂ ಮೊದಲು ಚಾವಣಿಗೆ ಕಟ್ಟಿದ ಥರ್ಮೋಕೋಲು, ಹಳೆಯ ಸೀರೆ, ರಟ್ಟುಗಳನ್ನು ದೀಪದ ವಯರಿನಿಂದ ದೂರ ಮಾಡಬೇಕು; ಸಾಧ್ಯವಾದರೆ ಇಳಿಸಿಯೇ ಬಿಡಬೇಕು.

ಉಪಸಂಹಾರ

ಮೇಲುಮುದ್ದೆ ತಂಪು ಕೊಟ್ಟಿತು, ಬೆಂಕಿಯನ್ನು ತಡೆಯಿತು, ಮಳೆಗೆ ಸೋತಿತು. ತಗಡು ಮಳೆಯನ್ನು ಗೆದ್ದು ಬಿಸಿಲಿಗೆ ಸೋತಿತು. ಥರ್ಮೋಕೋಲು ಬಿಸಿಲನ್ನು ಗೆದ್ದು ಬೆಂಕಿಗೆ ಸೋತಿತು. ಬಡವನು ಒಂದು ಆಪತ್ತಿನಿಂದ ತಪ್ಪಿಸಿಕೊಳ್ಳುವಾಗ ಇನ್ನೊಂದರ ಕೈಗೆ ಸಿಕ್ಕುವುದು ಹೀಗೆ. ಎರಡು ಮೂರು ಪರೀಕ್ಷೆಗಳನ್ನು ಒಟ್ಟಿಗೆ ಗೆಲ್ಲುವ ವಸ್ತು ಜಗತ್ತಿನಲ್ಲಿದೆಯೆಂಬುದನ್ನು ಅಣ್ಣ ತಂದ ಅಂಗೈಯಗಲದ ತುಂಡು ನಮಗೆ ತೋರಿಸಿತು. ಸರಕಾರದಿಂದ ಬಡವರಿಗೆ ಕಟ್ಟಿಕೊಡುವ ಮನೆಗಳಲ್ಲಿ ಗೋಡೆ ಮಾಳಿಗೆಗಳ ಅಳತೆಯ ಜೊತೆಗೆ ಶಾಖ ಮತ್ತು ಬೆಂಕಿಗಳ ಲೆಕ್ಕವೂ ಸೇರಬೇಕೆಂದು ಓದಿದ ತರುಣರಾದ ನಾವು ಕೇಳಬೇಕು. ನಮ್ಮ ಮನೆಯಲ್ಲಿ ಪದವಿಯವರೆಗೆ ಬಂದವನು ನಾನೊಬ್ಬನೇ. ಓದಿದ್ದನ್ನು ಮನೆಗೆ ತಂದು ಹೇಳುವ ಹೊಣೆಯೂ ನನ್ನದೇ ಎಂದು ತಿಳಿದಿದ್ದೇನೆ.

ಈ ಸಂಕ್ರಾಂತಿಗೆ ಅಣ್ಣ ಬಂದಾಗ ಕೂಲಿಯಲ್ಲಿ ಉಳಿಸಿ ಕೊಂಡ ಎರಡು ಹಲಗೆಗಳನ್ನು ತಂದ. ಇಡೀ ಮನೆಗೆ ಅವು ಸಾಲವು. ಎಲ್ಲಿ ಹಾಕಬೇಕೆಂದು ಮಾತಾಯಿತು. ಅಜ್ಜಿಯ ಹಾಸಿಗೆಯ ಮೇಲೆ ಹಾಕೋಣವೆಂದು ಅವ್ವ ಅಂದಳು. ಅವ್ವ ರೊಟ್ಟಿ ಬಡಿಯುವ ಒಲೆಯ ಹಿಂದೆ ಹಾಕಿರೆಂದು ಅಜ್ಜಿ ಅಂದಳು. ಒಂದನ್ನು ಅಲ್ಲಿ, ಒಂದನ್ನು ಇಲ್ಲಿ ಹಾಕಿದೆವು. ಸಂದಿಗಳನ್ನು ನಾನೇ ತುಂಬಿದೆ.